ಶಿವಮೊಗ್ಗದ ನಮ್ಮ 42 ರೂಮಿನ ಲಾಡ್ಜನ್ನು ಕಡಿಮೆ ಬಾಡಿಗೆಯ 42 ಮನೆಗಳಾಗಿ ಮಾಡಬಹುದೇ?

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ಅಪ್ಪಯ್ಯನ ಲಾಡ್ಜ್ ಕಣ್ಣ ಮುಂದೆ ಬಂತು. ನಿಮ್ಮದು 42 ರೂಮು, ನಮ್ಮದು 36. ಅದೇ ಶಿವಮೊಗ್ಗ, ಕೌಂಟರಿನ ಹಿಂದೆ ಅದೇ ರೀತಿ ನೇತಾಡುವ ಬೀಗದ ಕೈಗಳು.

ಮೊದಲೆಲ್ಲ ತೀರ್ಥಹಳ್ಳಿ, ಹೊಸನಗರ, ಸೊರಬದಿಂದ ಕೋರ್ಟು, ಆಸ್ಪತ್ರೆ, ಅಡಿಕೆ ಮಂಡಿ ಅಂತ ಬಂದವರು ಒಂದು ರಾತ್ರಿ ಉಳಿದೇ ಹೋಗುತ್ತಿದ್ದರು. ಈಗ ಎಲ್ಲರ ಹತ್ತಿರವೂ ಬೈಕು, ಕಾರು. ಸಂಜೆಗೆ ಮನೆ ಸೇರುತ್ತಾರೆ. ಆದರೆ ಮೆಗ್ಗಾನ್ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು, ಗಾಂಧಿ ಬಜಾರಿನ ಅಂಗಡಿಗಳಲ್ಲಿ ನಿಲ್ಲುವವರು ಊರಾಚೆ ಬಾಡಿಗೆಗಿದ್ದು ದಿನಾ ಆಟೋಗೆ ದುಡ್ಡು ಸುರಿಯುತ್ತಾರೆ. ಹಾಗಾಗಿ ನಿಮ್ಮ ಯೋಚನೆ ಒಳ್ಳೆಯದೇ. ಲೆಕ್ಕ ಮಾತ್ರ ತಪ್ಪು. 42 ರೂಮಿಗೆ 42 ಮನೆ ಮಾಡಲೇಬೇಡಿ.

ನಾನು 36ಕ್ಕೆ 36 ಮಾಡಿದೆ. ಪ್ರತಿ ರೂಮಿಗೂ ಕಿಟಕಿಯ ಕೆಳಗೆ ಕಡಪಾ ಕಲ್ಲಿನ ಕಟ್ಟೆ, ಸಿಂಕು. ಅಡುಗೆಗೆ ಬೆಳಕು ಬೇಕು ಅಂತ ಅಮ್ಮ ಹೇಳಿದ್ದು ಸರಿಯೇ ಇತ್ತು. ಆದರೆ ಬಾತ್‌ರೂಮು, ಅದರ ಹಿಂದಿನ ಪೈಪಿನ ಡಕ್ಟು ಇರುವುದು ಬಾಗಿಲ ಪಕ್ಕ. ಸಿಂಕಿನಿಂದ ಅಲ್ಲಿಗೆ 16 ಅಡಿ. ಮೋರಿ ಪೈಪಿಗೆ 40 ಅಡಿಗೆ 1 ಅಡಿಯಾದರೂ ಇಳಿಜಾರು ಬೇಕು. ಅಂದರೆ 16 ಅಡಿಗೆ ಸುಮಾರು 5 ಇಂಚು. ನಮಗೆ ಸಿಕ್ಕಿದ್ದು ಟೈಲ್ಸಿನ ಕೆಳಗಿನ 2 ಇಂಚು. ಅದರ ಕೆಳಗೆ ಸ್ಲ್ಯಾಬು, ಅದನ್ನು ಒಡೆಯುವಂತಿಲ್ಲ. ಪ್ಲಂಬರ್ ಎರಡು ಸಲ ಹೇಳಿದ. "ನೀರು ತಾನೇ, ಹೋಗುತ್ತೆ ಬಿಡು" ಅಂದೆ.

ನೀರು ಹೋಯಿತು, ಜಿಡ್ಡು ಹೋಗಲಿಲ್ಲ. ಬಾತ್‌ರೂಮಿನಲ್ಲಿ ಬಕೆಟ್ ನೀರು ಒಮ್ಮೆಲೇ ಸುರಿಯುತ್ತೇವೆ, ಆ ರಭಸಕ್ಕೆ ಎಲ್ಲ ಕೊಚ್ಚಿಕೊಂಡು ಹೋಗುತ್ತದೆ. ಸಿಂಕಿನ ನೀರು ಸಣ್ಣಗೆ ಹರಿಯುತ್ತದೆ. ಗಂಜಿ, ಒಗ್ಗರಣೆ ಎಣ್ಣೆ, ಮೀನು ತೊಳೆದ ನೀರು, ಎಲ್ಲ ಆ ಚಪ್ಪಟೆ ಪೈಪಿನಲ್ಲಿ ನಿಂತು ನಿಂತು ಹೋಗಬೇಕು. ಬೇಸಿಗೆ ಕಳೆಯಿತು. ಜುಲೈ ಮಳೆಯ ಥಂಡಿಗೆ ಜಿಡ್ಡೆಲ್ಲ ಗಟ್ಟಿಯಾಯಿತು. ಮೇಲಿನಿಂದ ಬಂದದ್ದು ಡಕ್ಟಿನ ಬುಡದ ಬೆಂಡಿನಲ್ಲಿ ಕಟ್ಟಿಕೊಂಡಿತು. ಒಂದು ರಾತ್ರಿ ಕೆಳಗಿನ ಮನೆಯೊಂದರ ಬಾತ್‌ರೂಮ್ ಜಾಲರಿಯಿಂದ ಅನ್ನದ ಅಗುಳು, ಕರಿಬೇವಿನ ಎಲೆ ಮೇಲೆ ಬಂದವು. ಮಂಚದ ಕೆಳಗಿಟ್ಟಿದ್ದ ಅಕ್ಕಿ ಚೀಲ ಒದ್ದೆ. ಆ ಮನೆಯ ಅಕ್ಕ ನೈಟ್ ಡ್ಯೂಟಿಗೆ ಹೋಗಿದ್ದರು, ಇಬ್ಬರು ಮಕ್ಕಳು ಮಂಚದ ಮೇಲೆ ಕಾಲು ಮಡಚಿ ಕೂತಿದ್ದರು. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ಬೆಳಿಗ್ಗೆ ಪೈಪ್ ಕತ್ತರಿಸಿದೆವು. ಒಳಗೆ ಸೋಪಿನ ಹಾಗೆ ಬೆಳ್ಳಗಿನ ಗಡ್ಡೆ, ನಡುವೆ ಬೆರಳು ತೂರುವಷ್ಟು ತೂತು. ಹೊಸ ಟೈಲ್ಸ್ ಪೂರ್ತಿ ಕಿತ್ತೆವು. ಮಾಡಿದ ಖರ್ಚೆಲ್ಲ ಮತ್ತೆ ಮಾಡಬೇಕಾಯಿತು. ಒಂದೇ ಒಂದು ರೂಮಿನಲ್ಲಿ ಮಾಡಿ ಒಂದು ಮಳೆಗಾಲ ನೋಡಿದ್ದರೆ ಇದು ಆಗುತ್ತಲೇ ಇರಲಿಲ್ಲ.

ಆಮೇಲೆ ಮಾಡಿದ್ದನ್ನೇ ನೀವು ಮೊದಲೇ ಮಾಡಿ. ಎರಡು ರೂಮಿಗೆ ಒಂದು ಮನೆ. ನಡುವಿನ ಗೋಡೆಯಲ್ಲಿ ಒಂದು ಬಾಗಿಲು. ಅದಕ್ಕೆ ಮುಂಚೆ ಇಂಜಿನಿಯರಿಗೆ ತೋರಿಸಲೇಬೇಕು, ಹಳೇ ಕಟ್ಟಡದಲ್ಲಿ ಗೋಡೆಯೇ ಭಾರ ಹೊತ್ತಿರಬಹುದು. ಒಂದು ಬಾತ್‌ರೂಮ್ ಹಾಗೇ ಇರಲಿ, ಇನ್ನೊಂದು ಬಾತ್‌ರೂಮೇ ಅಡುಗೆಮನೆ. ನಲ್ಲಿ ಅಲ್ಲೇ ಇದೆ, ಡಕ್ಟು ಗೋಡೆಯ ಆಚೆಗೇ ಇದೆ. ಸಿಂಕಿಗೆ ಬೇರೆಯೇ ಪೈಪ್ ಇಳಿಸಿ, ಬುಡದಲ್ಲಿ ಜಿಡ್ಡು ನಿಲ್ಲಲು ಒಂದು ಚೇಂಬರ್ ಕಟ್ಟಿಸಿ. ಕಮೋಡ್ ತೆಗೆದ ಜಾಗವನ್ನು ಭದ್ರವಾಗಿ ಮುಚ್ಚಿಸಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಲೀಕಾದರೆ ನೆಲದಲ್ಲೇ ನಿಲ್ಲುತ್ತದೆ. ಮೇಲಿನ ವೆಂಟಿಲೇಟರ್ ಸಾಲದು. ನಾವು ಆ ಬಾತ್‌ರೂಮಿನ ಬಾಗಿಲನ್ನೇ ಕಿತ್ತು ಹಾಕಿದೆವು.

ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ಹೋಟೆಲಿನಲ್ಲಿ 652 ಮನೆ ಮಾಡಿದ್ದಾರೆ ಅಂತ ಬರೆದಿದ್ದೀರಿ. ನಿಜ, 1990ರ ದಶಕದಲ್ಲಿ ಆದ ಒಳ್ಳೆಯ ಕೆಲಸ. ಆದರೆ ಅವು ಒಬ್ಬೊಬ್ಬರೇ ಇರುವ ಮನೆಗಳು. ನೀವು ಕೊಡಲು ಹೊರಟಿರುವುದು ಸಂಸಾರಕ್ಕೆ. ಅಜ್ಜಿ, ಮಕ್ಕಳು, ಹಬ್ಬಕ್ಕೆ ಬರುವ ನೆಂಟರು, ಎಲ್ಲ ಒಂದೇ ರೂಮಿನಲ್ಲಿ ಹೇಗೆ ಅಲ್ವಾ?

ಬಳಕೆ ಬದಲಾವಣೆಗೆ ಪಾಲಿಕೆಗೆ, ಮನೆಮನೆಗೆ ಮೀಟರಿಗೆ ಮೆಸ್ಕಾಂಗೆ ಈಗಲೇ ಅರ್ಜಿ ಹಾಕಿ. ಲಾಡ್ಜಿನ ಕಮರ್ಷಿಯಲ್ ಕರೆಂಟ್ ಬಿಲ್ಲು ಬಾಡಿಗೆಯವರ ತಲೆಗೆ ಬಂದರೆ ಕಡಿಮೆ ಬಾಡಿಗೆ ಅನ್ನೋದಕ್ಕೆ ಅರ್ಥವೇ ಇಲ್ಲ. ಇನ್ನೊಂದು, ಟೆರೇಸಿಗೆ ಶೀಟ್ ಹಾಕಿಸಿ. ಲಾಡ್ಜಿಗೆ ಬಂದವರು ಬಟ್ಟೆ ಒಗೆಯುವುದಿಲ್ಲ, ಸಂಸಾರದವರು ದಿನಾ ಒಗೆಯುತ್ತಾರೆ. ನಮ್ಮ ಮಳೆಯಲ್ಲಿ ಎಲ್ಲಿ ಒಣಗಿಸಬೇಕು ಅವರು?

ಈಗ ನಮ್ಮದು 18 ಮನೆ, ಒಂದೂ ಖಾಲಿ ಇಲ್ಲ. ಆ ಅಕ್ಕ ಅದೇ ಕೆಳಗಿನ ಮನೆಯಲ್ಲೇ ಇದ್ದಾರೆ. ನೋಡಬೇಕು ಅನ್ನಿಸಿದರೆ ಖಂಡಿತ ಬನ್ನಿ. ಜುಲೈನಲ್ಲೇ ಬನ್ನಿ, ಜೊತೆಗೆ ನಿಮ್ಮ ಪ್ಲಂಬರನ್ನೂ ಕರೆದುಕೊಂಡು ಬನ್ನಿ.