ತಿಂಗಳಿಗೆ 800 ಕಿ.ಮೀ. ಓಡಿಸುವವರಿಗೆ ಪೆಟ್ರೋಲ್ ಎಸ್‌ಯುವಿ ಸಾಕಾ, ಹೈಬ್ರಿಡ್ ಬೇಕಾ?

"ಓಡಿಸೋದೇ ತಿಂಗಳಿಗೆ 800 ಕಿ.ಮೀ., ಅದೂ ಊರೊಳಗೆ. ಪೆಟ್ರೋಲ್ ಸಾಕು ಅಲ್ವಾ?" ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನೂ ಇದೇ ಮಾತು ಹೇಳಿಕೊಂಡು ಟರ್ಬೊ ಪೆಟ್ರೋಲ್ ಕಾಂಪ್ಯಾಕ್ಟ್ ಎಸ್‌ಯುವಿ ತೆಗೆದುಕೊಂಡೆ. ನನ್ನದು ತಿಂಗಳಿಗೆ 750. ಆಫೀಸು ಮನೆಯಿಂದ 13 ಕಿ.ಮೀ., ಅಷ್ಟೇ. ಜಾಸ್ತಿ ಓಡಿಸುವವರಿಗೆ ಹೈಬ್ರಿಡ್ (ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿಯಿಂದ ಓಡುವ ಮೋಟಾರ್ ಕೂಡ ಇರುವ ಗಾಡಿ), ಕಡಿಮೆ ಓಡಿಸುವವರಿಗೆ ಪೆಟ್ರೋಲ್ ಅಂತ ಕೇಳಿದವರೆಲ್ಲ ಹೇಳಿದ್ದರು.

ಸುಮ್ನೆ ನಂಬಿದ್ದಲ್ಲ, ಕಾಗದ ಹಿಡಿದು ಲೆಕ್ಕ ಹಾಕಿದ್ದೆ. ವರ್ಷಕ್ಕೆ 9,000 ಕಿ.ಮೀ. ಪೆಟ್ರೋಲ್ ಗಾಡಿಯ ಬ್ರೋಷರ್‌ನಲ್ಲಿ ಲೀಟರಿಗೆ 17, ಹೈಬ್ರಿಡ್‌ನದ್ದರಲ್ಲಿ 23. ಅಂದರೆ ಒಂದಕ್ಕೆ 530 ಲೀಟರ್, ಇನ್ನೊಂದಕ್ಕೆ 390. ಉಳಿಯೋದು 140 ಲೀಟರ್. ಇಷ್ಟಕ್ಕೆ ಅಷ್ಟೊಂದು ಹೆಚ್ಚು ದುಡ್ಡು ಯಾಕೆ ಕೊಡಬೇಕು? ಹೈಬ್ರಿಡ್ ಹೆಸರನ್ನು ಗೀಟು ಎಳೆದು ಹೊಡೆದು ಹಾಕಿದೆ. ಟೆಸ್ಟ್ ಡ್ರೈವ್ ಮಾಡಿದ್ದು ಭಾನುವಾರ ಬೆಳಿಗ್ಗೆ, ಖಾಲಿ ರಸ್ತೆಯಲ್ಲಿ. ಗಾಡಿ ಹಾರಿದ ಹಾಗೆ ಹೋಯಿತು.

ಮೊದಲ ತಿಂಗಳು ಲೀಟರಿಗೆ ಬಂದಿದ್ದು 8.5. ಗಾಡಿಯಲ್ಲೇ ಏನೋ ದೋಷ ಇದೆ ಅಂದುಕೊಂಡೆ. ಎರಡು ಸಲ ಸರ್ವಿಸ್‌ಗೆ ಬಿಟ್ಟೆ, ಟೈರ್ ಗಾಳಿ ನೋಡಿದೆ, ಬಂಕ್ ಬದಲಿಸಿದೆ. ಎಲ್ಲ ಸರಿಯಾಗಿಯೇ ಇತ್ತು. ಒಂದು ಸಂಜೆ ಸಿಗ್ನಲ್‌ನಲ್ಲಿ ನಿಂತಿದ್ದಾಗ ಡಿಸ್‌ಪ್ಲೇಯ ಬಟನ್ ಒತ್ತುತ್ತಾ ಹೋದೆ. ಅಲ್ಲಿ ಸರಾಸರಿ ವೇಗ ಅಂತ ಒಂದು ಅಂಕಿ ಇತ್ತು. 14.

ನನ್ನ ತಪ್ಪು ಇಲ್ಲೇ ಇದ್ದಿದ್ದು. ಇದೊಂದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದನ್ನೇ ಮಾಡಲು ಹೊರಟಿದ್ದೀರಿ. ನಾನು ಎಣಿಸಿದ್ದು ಕಿಲೋಮೀಟರ್. ಇಂಜಿನ್ ಕುಡಿಯೋದು ಗಂಟೆ ಲೆಕ್ಕದಲ್ಲಿ. ಗಂಟೆಗೆ 14ರ ವೇಗದಲ್ಲಿ 9,000 ಕಿ.ಮೀ. ಮುಗಿಸಲು 640 ಗಂಟೆ ಬೇಕು. ಅದೇ ದೂರ 60ರ ವೇಗದಲ್ಲಿ 150 ಗಂಟೆ. ಮಿಕ್ಕ 490 ಗಂಟೆ ನನ್ನ ಗಾಡಿ ನಿಂತಿತ್ತು, ಇಲ್ಲವೇ ತೆವಳುತ್ತಿತ್ತು, ಇಂಜಿನ್ ಮಾತ್ರ ಉರಿಯುತ್ತಲೇ ಇತ್ತು. ಎಸಿ ಹಾಕಿಕೊಂಡು ಸುಮ್ನೆ ನಿಂತರೂ ಗಂಟೆಗೆ ಹತ್ತಿರ ಹತ್ತಿರ ಒಂದು ಲೀಟರ್ ಹೋಗುತ್ತದೆ. ಅದರ ಮೇಲೆ, ಪೆಟ್ರೋಲ್ ಸುಟ್ಟು ತಂದ ವೇಗವನ್ನು ನೂರು ಅಡಿಗೊಮ್ಮೆ ಬ್ರೇಕ್ ಒತ್ತಿ ಬಿಸಿ ಮಾಡಿ ಗಾಳಿಗೆ ಬಿಡುತ್ತಿದ್ದೆ.

ಬ್ರೋಷರ್ ಅಂಕಿಗಿಂತ ಮೈಲೇಜ್ ಕಡಿಮೆಯೇ ಬರುತ್ತದೆ ಅಂತ ನನಗೂ ಗೊತ್ತಿತ್ತು. ಆದರೆ ಎರಡೂ ಗಾಡಿಯಲ್ಲಿ ಒಂದೇ ಪ್ರಮಾಣದಲ್ಲಿ ಇಳಿಯುತ್ತದೆ ಅಂದುಕೊಂಡಿದ್ದೆ. ಹಾಗಾಗಲ್ಲ. ನನ್ನ ರಸ್ತೆಯಲ್ಲಿ ಪೆಟ್ರೋಲ್ 17ರಿಂದ ಅರ್ಧಕ್ಕೆ ಇಳಿಯಿತು. ಈಗಿರುವ ಹೈಬ್ರಿಡ್ ಅದೇ ರಸ್ತೆಯಲ್ಲಿ 23ರ ಬದಲು 20 ಕೊಡುತ್ತಿದೆ. ಹಾಗಾಗಿ ನಿಜವಾದ ಲೆಕ್ಕ 1,060 ಲೀಟರ್ ಮತ್ತು 450 ಲೀಟರ್. ಉಳಿಯೋದು 610. ನಾನು ಬರೆದುಕೊಂಡಿದ್ದು 140! ಅಂಕಿಗಳನ್ನು ಕೂಡಿಸಿ ಕಳೆದಿದ್ದು ಸರಿಯಾಗಿಯೇ ಇತ್ತು, ಹಾಕಿದ ಅಂಕಿಗಳೇ ನನ್ನ ರಸ್ತೆಯದ್ದಲ್ಲ.

ಹೈಬ್ರಿಡ್ ಯಾಕೆ ಅಷ್ಟು ಇಳಿಯಲಿಲ್ಲ ಅಂದರೆ, ನಿಂತಾಗ ಅದರ ಇಂಜಿನ್ ಆಫ್ ಆಗುತ್ತದೆ. ತೆವಳುವಾಗ ಮೋಟಾರ್ ಎಳೆಯುತ್ತದೆ. ಎಸಿ ಕಂಪ್ರೆಸರ್ ಕೂಡ ಬ್ಯಾಟರಿಯಿಂದಲೇ ಓಡುತ್ತದೆ, ಹಾಗಾಗಿ ಎಸಿ ಹಾಕಿದ್ದೇವೆ ಅಂತ ಇಂಜಿನ್ ಸದಾ ಓಡಬೇಕಿಲ್ಲ. ವೇಗ ತಗ್ಗಿಸಿದಾಗ ಮೋಟಾರೇ ಜನರೇಟರ್ ಆಗಿ ಒಂದಿಷ್ಟು ಶಕ್ತಿಯನ್ನು ಬ್ಯಾಟರಿಗೆ ವಾಪಸ್ ತುಂಬುತ್ತದೆ.

ನಾಲ್ಕು ವರ್ಷ ಆ ಪೆಟ್ರೋಲ್ ಗಾಡಿ ಇಟ್ಟುಕೊಂಡಿದ್ದೆ. 31,000 ಕಿ.ಮೀ.ಗೆ ಅದರ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್‌ನ (ಎರಡು ಕ್ಲಚ್ ಇರುವ ಆಟೋಮ್ಯಾಟಿಕ್) ಕ್ಲಚ್ ಹೋಯಿತು. ತೆವಳುವ ಟ್ರಾಫಿಕ್‌ನಲ್ಲಿ ಇಂಥ ಒಣ ಕ್ಲಚ್ (ತಂಪು ಮಾಡಲು ಎಣ್ಣೆ ಇಲ್ಲದ್ದು) ಅರ್ಧ ಹಿಡಿದು, ಅರ್ಧ ಬಿಟ್ಟು ಕಾದು ಸವೆಯುತ್ತದೆ. ಇದೂ ಗಂಟೆಗಳ ಲೆಕ್ಕವೇ, ಓಡೋಮೀಟರ್‌ನಲ್ಲಿ ಕಾಣಲ್ಲ. ಕೊನೆಗೆ ನಷ್ಟಕ್ಕೆ ಮಾರಿ, ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ತಂದೆ. ಈಗ ಎರಡು ವರ್ಷ ಆಯಿತು.

ಹಾಗಾಗಿ "ಕಡಿಮೆ ಓಡಿಸೋದು, ಪೆಟ್ರೋಲ್ ಸಾಕು" ಅನ್ನೋದನ್ನು ನಾನು ಒಪ್ಪಲ್ಲ. ನನ್ನ ಭಾವ ವರ್ಷಕ್ಕೆ 40,000 ಕಿ.ಮೀ. ಓಡಿಸುತ್ತಾರೆ, ಬಹುತೇಕ ಹೈವೇಯಲ್ಲಿ. ಅವರದ್ದು ಸಾದಾ ಪೆಟ್ರೋಲ್, ಖುಷಿಯಾಗಿದ್ದಾರೆ. ಬ್ರೇಕೇ ಒತ್ತದ ರಸ್ತೆಯಲ್ಲಿ ಹೈಬ್ರಿಡ್‌ಗೆ ವಾಪಸ್ ತುಂಬಿಕೊಳ್ಳಲು ಏನು ಸಿಗುತ್ತದೆ? ಇಂಜಿನ್ ಹೆಚ್ಚು ಹೊತ್ತು ಓಡುತ್ತಲೇ ಇರುತ್ತದೆ, ಬ್ಯಾಟರಿಯ ತೂಕ ಬೇರೆ. ಎಲ್ಲರೂ ಹೇಳುವ ಸೂತ್ರ ನಮ್ಮಿಬ್ಬರ ವಿಷಯದಲ್ಲೂ ಉಲ್ಟಾ ಆಯಿತು.

ಬ್ಯಾಟರಿ ಭಯ ಇದ್ದರೆ ಬಿಡಿ. ಟೊಯೋಟಾದ ಹೈಬ್ರಿಡ್ ಕಾರು ಪ್ರಿಯಸ್ ಮಾರುಕಟ್ಟೆಗೆ ಬಂದಿದ್ದೇ 1997ರಲ್ಲಿ, ಇದೇನು ನಿನ್ನೆ ಮೊನ್ನೆಯ ತಂತ್ರಜ್ಞಾನ ಅಲ್ಲ. ಬ್ಯಾಟರಿಗೆ 8 ವರ್ಷದ ವಾರಂಟಿ ಕೊಡುವ ಕಂಪನಿಗಳು ಹಲವು ಇವೆ. ಹಿಂದಿನ ಸೀಟಿನ ಹತ್ತಿರ ಬ್ಯಾಟರಿಗೆ ಗಾಳಿ ಹೋಗುವ ಜಾಲರಿ ಇದ್ದರೆ ಅದಕ್ಕೆ ಬ್ಯಾಗ್ ಅಡ್ಡ ಇಡಬೇಡಿ, ಧೂಳು ಕಟ್ಟದ ಹಾಗೆ ನೋಡಿಕೊಳ್ಳಿ.

ಭಯ ಪಡಬೇಕಾದ್ದು ಹೆಸರಿನ ಬಗ್ಗೆ. ಮೈಲ್ಡ್ ಹೈಬ್ರಿಡ್‌ಗೂ ಹೈಬ್ರಿಡ್ ಅಂತಲೇ ಬ್ಯಾಡ್ಜ್ ಅಂಟಿಸಿ ಮಾರುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಚಿಕ್ಕ ಮೋಟಾರ್ ಇಂಜಿನ್‌ಗೆ ಸ್ವಲ್ಪ ಕೈ ಜೋಡಿಸುತ್ತದೆ ಅಷ್ಟೇ, ಗಾಡಿಯನ್ನು ತಾನೊಬ್ಬನೇ ಎಳೆಯಲ್ಲ. ನಾನು ಹೇಳುತ್ತಿರೋದು ಫುಲ್ ಹೈಬ್ರಿಡ್ ಬಗ್ಗೆ. ಶೋರೂಮ್‌ನಲ್ಲಿ ಒಂದೇ ಪ್ರಶ್ನೆ ಕೇಳಿ: ಇಂಜಿನ್ ಆಫ್ ಇದ್ದಾಗ ಗಾಡಿ ಮುಂದೆ ಹೋಗುತ್ತಾ?

ಬುಕ್ ಮಾಡುವ ಮುಂಚೆ ಈಗಿನ ಕಾರಿನ ಟ್ರಿಪ್ ಮೀಟರ್ ಸೊನ್ನೆ ಮಾಡಿ, ಎರಡು ವಾರ ಎಂದಿನಂತೆ ಓಡಾಡಿ. ಆಮೇಲೆ ಸರಾಸರಿ ವೇಗ ನೋಡಿ. 20ಕ್ಕಿಂತ ಕಡಿಮೆ ಇದ್ದರೆ ಕಣ್ಣು ಮುಚ್ಚಿ ಹೈಬ್ರಿಡ್ ತೆಗೆದುಕೊಳ್ಳಿ. 40 ದಾಟಿದರೆ ಆ ದುಡ್ಡು ಉಳಿಸಿಕೊಳ್ಳಿ. ನಡುವೆ ಎಲ್ಲೋ ಬಂದರೆ ಆ ಅಂಕಿ ನನಗೆ ತಿಳಿಸಿ, ಕೂತು ಲೆಕ್ಕ ಹಾಕೋಣ.