ಸಮೀಕ್ಷೆಯಲ್ಲಿ ‘ಬೇಡ’, ಕೈಯಲ್ಲಿ ಚೀಲ

ಪ್ರಶ್ನೆ: ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ನಿಷೇಧಿಸಿ ಎಂದು ಸಮೀಕ್ಷೆಗಳಲ್ಲಿ ಬಹುಪಾಲು ಜನ ಹೇಳುತ್ತಾರೆ. ಅಂಗಡಿಯಿಂದ ಹೊರಬರುವವರ ಕೈಯಲ್ಲಿ ಮಾತ್ರ ಅದೇ ಚೀಲ. ಈ ಜನಾಭಿಪ್ರಾಯವನ್ನು ಎಷ್ಟು ನಂಬಬಹುದು?

ಉತ್ತರ: ಧಾರಾಳವಾಗಿ ನಂಬಬಹುದು. ಇಪ್ಸೋಸ್ ಸಂಸ್ಥೆ 2022ರಲ್ಲಿ 28 ದೇಶಗಳಲ್ಲಿ ಕೇಳಿದಾಗ ಸರಾಸರಿ ನಾಲ್ವರಲ್ಲಿ ಮೂವರು ಆದಷ್ಟು ಬೇಗ ನಿಷೇಧವಾಗಲಿ ಎಂದರು. ಇವರೆಲ್ಲ ಬಾಯಿಮಾತಿಗೆ ಹೇಳಿದರು ಎನ್ನುವುದು ಅನ್ಯಾಯ. ಪುಕ್ಕಟೆಯಾಗಿ ಕೈಗಿಟ್ಟದ್ದನ್ನು ಯಾರೂ ತಳ್ಳಿಬಿಡುವುದಿಲ್ಲ. ಐರ್ಲೆಂಡ್ 2002ರ ಮಾರ್ಚ್‌ನಲ್ಲಿ ಚೀಲವೊಂದಕ್ಕೆ 15 ಸೆಂಟ್ ಶುಲ್ಕ ಹಾಕಿತು, ನಿಷೇಧ ಇರಲಿಲ್ಲ. ಗಲ್ಲಾದ ಮುಂದೆ ‘ಚೀಲ ಬೇಕಾ?’ ಎಂಬ ಪ್ರಶ್ನೆ ಎದ್ದದ್ದೇ ತಡ, ಬಳಕೆ ಶೇ 90ಕ್ಕಿಂತ ಹೆಚ್ಚು ಇಳಿಯಿತು. ಸಂಗ್ರಹವಾದ ಹಣ ಪರಿಸರ ನಿಧಿಗೆ ಹೋಯಿತು. ತೆರಿಗೆಯಾದರೂ ಜನ ಅದನ್ನು ಒಪ್ಪಿಕೊಂಡರು.

ನನಗೆ ಚಿಂತೆಯಿರುವುದು ಬೇರೆ ಕಡೆ. ‘ಪ್ಲಾಸ್ಟಿಕ್ ಬೇಡ’ ಎನ್ನುವವರ ಮನಸ್ಸಿನಲ್ಲಿ ಯಾವ ವಸ್ತು ಇರುತ್ತದೆ? ಪೇಪರ್ ಕಪ್ಪನ್ನೇ ನೋಡಿ. ಹರಿದು ಒಂದಷ್ಟು ಹೊತ್ತು ನೀರಲ್ಲಿ ನೆನೆಹಾಕಿ, ಬೆರಳಲ್ಲಿ ಉಜ್ಜಿ. ಕಾಗದ ಮುದ್ದೆಯಾಗಿ ಬಿಟ್ಟುಕೊಳ್ಳುತ್ತದೆ, ಒಳಬದಿಯ ತೆಳ್ಳನೆಯ ಪಾಲಿಥಿನ್ ಪದರ ಕೈಯಲ್ಲುಳಿಯುತ್ತದೆ. ಪ್ಲಾಸ್ಟಿಕ್ ವಿರೋಧಿಸುವ ಎಷ್ಟೋ ಮಂದಿ ಇದನ್ನೇ ಪರ್ಯಾಯವೆಂದು ನಂಬಿದ್ದಾರೆ. ಇಂಥ ಕಪ್‌ಗಳಲ್ಲಿ ಪ್ಲಾಸ್ಟಿಕ್ ಇದೆಯೆಂದು ಆಮೆಯ ಚಿತ್ರದ ಜೊತೆ ನಮೂದಿಸುವುದನ್ನು ಐರೋಪ್ಯ ಒಕ್ಕೂಟ 2021ರ ಜುಲೈನಿಂದ ಕಡ್ಡಾಯ ಮಾಡಿತು. ಎಲ್ಲ ಕಡೆಯೂ ಆಗಬೇಕಾದ ಕೆಲಸವಿದು.

ಇನ್ನು, ಬಹುಮತದ ಲೆಕ್ಕದಲ್ಲಿ ಕೆಲವರ ದನಿ ಅಡಗಿಹೋಗುತ್ತದೆ. ಲೋಟ ಎತ್ತಿ ಕುಡಿಯಲಾಗದ ಅಂಗವಿಕಲರಿಗೆ ಬಾಗುವ ಸ್ಟ್ರಾ ಇಲ್ಲದಿದ್ದರೆ ನೀರು ಕುಡಿಯುವುದೂ ಕಷ್ಟ. ಕಾಗದದ್ದು ಬಿಸಿಗೆ ಮೆತ್ತಗಾಗುತ್ತದೆ; ಲೋಹದ್ದು ಬಾಗುವುದಿಲ್ಲ, ಬಾಯಿಗೆ ಪೆಟ್ಟಾಗುವ ಭಯವೂ ಇದೆ. ಇಂಗ್ಲೆಂಡ್ 2020ರಲ್ಲಿ ಪ್ಲಾಸ್ಟಿಕ್ ಸ್ಟ್ರಾ ನಿಷೇಧಿಸುವಾಗ ಇವರ ಮಾತು ಕೇಳಿಸಿಕೊಂಡಿತು: ಔಷಧದಂಗಡಿಗಳಲ್ಲಿ ಮಾರಬಹುದು, ಹೋಟೆಲುಗಳಲ್ಲಿ ಕೇಳಿದವರಿಗೆ ಕೊಡಬಹುದು ಎಂದು ವಿನಾಯಿತಿ ಇಟ್ಟಿತು.

ಆದ್ದರಿಂದ ನಿಷೇಧದ ಕರಡು ಸಾರ್ವಜನಿಕ ಆಕ್ಷೇಪಣೆಗೆ ಬಂದಾಗ ಬರೀ ‘ಬೆಂಬಲವಿದೆ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಯಾವ ವಸ್ತು ನಾಳೆಯಿಂದಲೇ ನಿಂತರೂ ನಿಮಗೆ ತೊಂದರೆಯಿಲ್ಲ, ಯಾವುದಕ್ಕೆ ಬದಲಿ ಸಿಗುವವರೆಗೆ ಕಾಲಾವಕಾಶ ಬೇಕು, ಆ ಬದಲಿಯ ಖರ್ಚನ್ನು ಯಾರು ಹೊರಬೇಕು ಎಂಬುದನ್ನು ಬಿಡಿಸಿ ಬರೆಯಿರಿ.