ರಾಣಿಖೇತ್ ವೈರಸ್: ಒಂದು ಅಮೈನೋ ಆಮ್ಲ ಬದಲಾದರೆ ಕೋಶಗಳ ಬೆಸುಗೆ ಯಾಕೆ ಏರುಪೇರಾಗುತ್ತದೆ?

ನೀವು ಕೇಳಿರುವುದು ಎರಡು ವಿಷಯ. ಒಂದು, ಕೋಳಿಗಳ ರಾಣಿಖೇತ್ ರೋಗದ ವೈರಸ್‌ನ ಎಫ್ ಪ್ರೋಟೀನಿನಲ್ಲಿ ಇರುವುದು 553 ಅಮೈನೋ ಆಮ್ಲ, ಅಂದರೆ ಪ್ರೋಟೀನನ್ನು ಕಟ್ಟುವ ಇಟ್ಟಿಗೆಗಳು. ಅದರಲ್ಲಿ ಒಂದನ್ನು ಬದಲಿಸಿದರೆ ಕೆಲವೊಮ್ಮೆ ಕೋಶಗಳು ಬೆಸೆಯುವುದು ಪೂರ್ತಿ ನಿಲ್ಲುತ್ತದೆ, ಕೆಲವೊಮ್ಮೆ ವಿಪರೀತ ಜಾಸ್ತಿಯಾಗುತ್ತದೆ. ಇದು ಹೇಗೆ? ಇನ್ನೊಂದು, ಲ್ಯಾಬ್‌ನ ಡಿಶ್‌ನಲ್ಲಿ ಬೆಳೆಸಿದ ಕೋಶಗಳಲ್ಲಿ ಬೆಸುಗೆ ಜಾಸ್ತಿಯಾದರೆ ಕೋಳಿಗೆ ರೋಗವೂ ಜೋರಾಗುತ್ತದಾ?

ನಾನು ಪಶುವೈದ್ಯಕೀಯ ಓದಿ, ಸ್ವಲ್ಪ ಕಾಲ ಇದೇ ವೈರಸ್‌ನ ಪ್ರೋಟೀನುಗಳ ಜೊತೆ ಲ್ಯಾಬ್‌ನಲ್ಲಿ ಕೆಲಸ ಮಾಡಿದವನು. ನನ್ನ ಅನುಭವದಲ್ಲಿ ಬದಲಾವಣೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಅದು ಬೆಸುಗೆಯ ಯಾವ ಹೆಜ್ಜೆಯ ಮೇಲೆ ಬಿತ್ತು ಅನ್ನುವುದೇ ಮುಖ್ಯ. ಹಾಗಾಗಿ ಮೊದಲು ಹೆಜ್ಜೆಗಳನ್ನು ನೋಡೋಣ.

ವೈರಸ್‌ನ ಹೊರಪೊರೆಯ ಮೇಲೆ ಎರಡು ಪ್ರೋಟೀನ್ ನಿಂತಿರುತ್ತವೆ. ಎಚ್‌ಎನ್ ಅನ್ನುವುದು ಕೋಳಿಯ ಕೋಶದ ಮೇಲಿರುವ ಸಿಯಾಲಿಕ್ ಆಮ್ಲ ಎಂಬ ಸಕ್ಕರೆ ಜಾತಿಯ ಅಣುವನ್ನು ಹಿಡಿಯುತ್ತದೆ. ಎಫ್ ಅನ್ನುವುದು ಪೊರೆಗಳನ್ನು ಬೆಸೆಯುತ್ತದೆ. ಎಫ್ ಅನ್ನು ಒಂದು ಇಲಿಬೋನು ಅಂದುಕೊಳ್ಳಿ. ಮೊದಲು ಬೋನನ್ನು ಹೂಡಬೇಕು, ಆಮೇಲೆ ಯಾವುದೋ ಒಂದು ಅದನ್ನು ತಟ್ಟಬೇಕು, ಆಗ ಸ್ಪ್ರಿಂಗ್ ಹಾರುತ್ತದೆ. ಹೂಡುವುದು ಅಂದರೆ ಎಫ್ ಅನ್ನು ಒಂದು ನಿರ್ದಿಷ್ಟ ಜಾಗದಲ್ಲಿ ಕತ್ತರಿಸುವುದು. ತಟ್ಟುವ ಕೆಲಸ ಎಚ್‌ಎನ್‌ನದು. ಹಾರಿದಾಗ ಎಫ್‌ನ ಒಂದು ತುದಿ ಎದುರಿನ ಪೊರೆಗೆ ಚುಚ್ಚಿಕೊಳ್ಳುತ್ತದೆ. ಆಮೇಲೆ ಪ್ರೋಟೀನು ತಾನೇ ಮಡಚಿಕೊಂಡು ಎರಡು ಪೊರೆಗಳನ್ನು ಹತ್ತಿರಕ್ಕೆ ಎಳೆಯುತ್ತದೆ. ಸೋಂಕಾದ ಕೋಶದ ಮೈಮೇಲೂ ಇದೇ ಎರಡು ಪ್ರೋಟೀನ್ ಬಂದು ಕೂರುವುದರಿಂದ, ಅದು ಪಕ್ಕದ ಕೋಶದ ಜೊತೆಗೂ ಬೆಸೆದುಕೊಳ್ಳುತ್ತದೆ. ಹಲವು ನ್ಯೂಕ್ಲಿಯಸ್‌ಗಳಿರುವ ಆ ದೊಡ್ಡ ಕೋಶವೇ ನೀವು ಹೇಳಿದ ಸಿನ್ಸಿಶಿಯಂ.

ಈಗ ಕತ್ತರಿಸುವ ಜಾಗಕ್ಕೆ ಬರೋಣ. ಇದರಷ್ಟು ಚೆನ್ನಾಗಿ ಅಧ್ಯಯನವಾದ ಜಾಗ ಈ ವೈರಸ್‌ನಲ್ಲಿ ಇನ್ನೊಂದಿಲ್ಲ. ಕತ್ತರಿ ಬೀಳುವುದು 116 ಮತ್ತು 117ನೇ ಅಮೈನೋ ಆಮ್ಲಗಳ ನಡುವೆ. ಕಡು ತಳಿಗಳಲ್ಲಿ, ಅಂದರೆ ರೋಗ ಜೋರಾಗಿ ತರುವ ತಳಿಗಳಲ್ಲಿ, ಆ ಕತ್ತರಿಯ ಹಿಂದೆ ಆರ್ಜಿನೀನ್, ಲೈಸೀನ್ ಎಂಬ ಅಮೈನೋ ಆಮ್ಲಗಳು ಗುಂಪುಗಟ್ಟಿ ಕೂತಿರುತ್ತವೆ, 117ರಲ್ಲಿ ಫಿನೈಲ್‌ಅಲನೀನ್ ಎಂಬ ಇನ್ನೊಂದು ಇರುತ್ತದೆ. ಇಂಥ ಜಾಗವನ್ನು ಫ್ಯೂರಿನ್ ಎಂಬ ಕಿಣ್ವ ಕತ್ತರಿಸಬಲ್ಲದು. ಫ್ಯೂರಿನ್ ಹೆಚ್ಚುಕಡಿಮೆ ಎಲ್ಲ ಅಂಗಗಳ ಕೋಶಗಳಲ್ಲೂ ಇದೆ. ರೋಗ ಹಗುರವಾಗಿ ತರುವ ಮೃದು ತಳಿಗಳಲ್ಲಿ ಆರ್ಜಿನೀನ್ ಕಡಿಮೆ, 117ರಲ್ಲಿ ಲ್ಯೂಸೀನ್. ಅದನ್ನು ಕತ್ತರಿಸಲು ಟ್ರಿಪ್ಸಿನ್‌ನಂಥ ಕಿಣ್ವವೇ ಬೇಕು. ಅದು ಸಿಗುವುದು ಮುಖ್ಯವಾಗಿ ಉಸಿರಾಟದ ದಾರಿಯಲ್ಲಿ ಮತ್ತು ಕರುಳಿನಲ್ಲಿ. ಹಾಗಾಗಿ ಆ ವೈರಸ್ ಅಲ್ಲೇ ಸುತ್ತಾಡಿಕೊಂಡಿರುತ್ತದೆ, ಮಿದುಳಿಗೆ ಹೋಗುವುದಿಲ್ಲ.

ಲ್ಯಾಬ್‌ನಲ್ಲಿ, ಲಸಿಕೆಯಾಗಿ ಬಳಸುವ ಲಸೋಟಾದಂಥ ಮೃದು ತಳಿಯ ಎಫ್ ಹಾಕಿ, ಟ್ರಿಪ್ಸಿನ್ ಹಾಕದೆ ಸಿನ್ಸಿಶಿಯಂಗಾಗಿ ಕಾಯುತ್ತಾ ಕೂತರೆ ಏನೂ ಬರುವುದಿಲ್ಲ. ಪ್ರೋಟೀನ್ ಕೆಟ್ಟಿಲ್ಲ, ಅದನ್ನು ಹೂಡಿಲ್ಲ ಅಷ್ಟೇ.

117ನೇದರ ಬಗ್ಗೆ ಇನ್ನೂ ಒಂದು ಮಾತು. ಅದು ಬರೀ ಕತ್ತರಿಯ ಪಕ್ಕದ ಗುರುತಲ್ಲ. ಎದುರಿನ ಪೊರೆಗೆ ಚುಚ್ಚಿಕೊಳ್ಳುವ ತುದಿ ಶುರುವಾಗುವುದೇ ಅಲ್ಲಿಂದ. ಆದ್ದರಿಂದ ಅಲ್ಲಿ ಬದಲಾವಣೆ ಆದರೆ ಎರಡು ಹೆಜ್ಜೆಗಳಿಗೆ ಒಟ್ಟಿಗೇ ಏಟು ಬೀಳಬಹುದು.

ಇದು ಪ್ರಯೋಗಾಲಯದ ಆಟ ಮಾತ್ರ ಅಂದುಕೊಳ್ಳಬೇಡಿ. ಆಸ್ಟ್ರೇಲಿಯಾದಲ್ಲಿ 1998ರಲ್ಲಿ ಸಿಡ್ನಿಯ ಪಶ್ಚಿಮ ಭಾಗದಲ್ಲಿ, 1999ರಲ್ಲಿ ಮ್ಯಾಂಗ್ರೋವ್ ಮೌಂಟನ್ ಪ್ರದೇಶದಲ್ಲಿ ಕಡು ರಾಣಿಖೇತ್ ಕಾಣಿಸಿಕೊಂಡಿತು. ಹೊರದೇಶದಿಂದ ಬಂದ ವೈರಸ್ ಇರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಜೀನ್ ಓದಿ ನೋಡಿದರೆ ಅದು ಅಲ್ಲಿಯ ಕೋಳಿಗಳಲ್ಲೇ ಸುಮ್ಮನೆ ಇದ್ದ ಮೃದು ವೈರಸ್‌ನ ಮಗು. ಕತ್ತರಿಸುವ ಜಾಗದಲ್ಲಿ ಒಂದು ಗ್ಲೈಸಿನ್ ಹೋಗಿ ಆರ್ಜಿನೀನ್ ಬಂದಿತ್ತು, 117ರ ಲ್ಯೂಸೀನ್ ಹೋಗಿ ಫಿನೈಲ್‌ಅಲನೀನ್ ಬಂದಿತ್ತು. ಎರಡೇ ಎರಡು ಬದಲಾವಣೆ. ಅದಕ್ಕೆ ಲಕ್ಷಗಟ್ಟಲೆ ಕೋಳಿಗಳನ್ನು ಕೊಲ್ಲಬೇಕಾಯಿತು. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಇವತ್ತಿಗೂ ಕಡು ತಳಿಯನ್ನು ಗುರುತಿಸುವಾಗ ಈ ಜಾಗವನ್ನೂ ನೋಡುತ್ತದೆ: 113ರಿಂದ 116ರ ನಡುವೆ ಕನಿಷ್ಠ ಮೂರು ಆರ್ಜಿನೀನ್ ಅಥವಾ ಲೈಸೀನ್, 117ರಲ್ಲಿ ಫಿನೈಲ್‌ಅಲನೀನ್.

ಮುಂದಿನದು ತಟ್ಟುವ ಹೆಜ್ಜೆ. ಎಚ್‌ಎನ್‌ಗೆ ಒಂದು ತಲೆ, ಒಂದು ಕಾಂಡ. ಸಿಯಾಲಿಕ್ ಆಮ್ಲ ಹಿಡಿಯುವುದು ತಲೆ. ಎಫ್ ಜೊತೆ ಮಾತುಕತೆ ಕಾಂಡದ್ದು. ಕಾಂಡದ ಕೆಲವು ಜಾಗಗಳಲ್ಲಿ ಒಂದು ಅಮೈನೋ ಆಮ್ಲ ಬದಲಿಸಿದರೂ ಎಚ್‌ಎನ್ ಕೋಶಕ್ಕೆ ಚೆನ್ನಾಗಿ ಅಂಟಿಕೊಳ್ಳುತ್ತದೆ, ಆದರೆ ಎಫ್ ಹಾರುವುದೇ ಇಲ್ಲ. ತಲೆಯ ಹಿಡಿತದ ಗುಳಿಯಲ್ಲಿ ಬದಲಾವಣೆ ಮಾಡಿದರೆ ಅಂಟುವುದೂ ಹೋಗಿ, ಅದರ ಹಿಂದೆಯೇ ಬೆಸುಗೆಯೂ ಹೋಗುತ್ತದೆ. ಎರಡರಲ್ಲೂ ಡಿಶ್‌ನಲ್ಲಿ ಕಾಣುವುದು ಒಂದೇ, ಕಾರಣ ಮಾತ್ರ ಬೇರೆ ಬೇರೆ. ಈ ಜೋಡಿ ಎಷ್ಟು ಬಿಗಿ ಅಂದರೆ, ಇದೇ ಕುಟುಂಬದ ಬೇರೊಂದು ವೈರಸ್‌ನ (ಪ್ಯಾರಾಮಿಕ್ಸೋವೈರಸ್‌ನ) ಎಚ್‌ಎನ್ ತಂದು ಈ ಎಫ್ ಜೊತೆ ಇಟ್ಟರೆ ಸಾಮಾನ್ಯವಾಗಿ ಕೆಲಸ ನಡೆಯುವುದಿಲ್ಲ. ಯಾರ ಎಫ್ ಜೊತೆ ಹೊಂದಿಕೊಳ್ಳಬೇಕು ಅನ್ನುವುದನ್ನು ನಿರ್ಧರಿಸುವುದು ಬಹುಪಾಲು ಆ ಕಾಂಡವೇ.

ಇದಕ್ಕೆ ಒಂದು ಸೊಗಸಾದ ಅಪವಾದ ಇದೆ. ಎಫ್‌ನ 289ನೇ ಜಾಗದ ಲ್ಯೂಸೀನ್ ತೆಗೆದು ಅಲನೀನ್ ಇಟ್ಟರೆ, ಕೆಲವು ಬಗೆಯ ಕೋಶಗಳಲ್ಲಿ ಎಚ್‌ಎನ್ ಇಲ್ಲದೆಯೇ ಬೆಸುಗೆ ಶುರುವಾಗುತ್ತದೆ. ಅಂದರೆ ಬೋನು ತೀರಾ ಸಡಿಲವಾಗಿ ಹೂಡಿಕೊಂಡಿರುತ್ತದೆ, ಸ್ವಲ್ಪಕ್ಕೇ ಹಾರಿಬಿಡುತ್ತದೆ. ಕ್ಯಾನ್ಸರ್ ಕೋಶಗಳನ್ನು ಕೊಲ್ಲಲು ಈ ವೈರಸ್ಸನ್ನು ಬಳಸಬಹುದಾ ಅಂತ ನೋಡುತ್ತಿರುವ ಗುಂಪುಗಳು ಇದೇ ಬದಲಾವಣೆಯನ್ನು ಬೇಕೆಂದೇ ಸೇರಿಸಿಕೊಂಡಿವೆ. ಅವರಿಗೆ ಬೇಕಾಗಿರುವುದೇ ದೊಡ್ಡ ಸಿನ್ಸಿಶಿಯಂ.

ನೀವು ಕೇಳಿದ 'ವಿಪರೀತ ಜಾಸ್ತಿ' ಬಹಳ ಸಲ ಬರುವುದು ಇಂಥ ಸಡಿಲಿಕೆಯಿಂದಲೇ. ಪೊರೆಯ ಒಳಗಡೆ ಇರುವ ಎಫ್‌ನ ಬಾಲದಲ್ಲಿ ಕೆಲವು ಟೈರೋಸೀನ್‌ಗಳನ್ನು ಬದಲಿಸಿದಾಗಲೂ ಬೆಸುಗೆ ಏರಿದ ವರದಿಗಳಿವೆ. ಬಾಲ ಪೊರೆಯ ಒಳಗೆ, ಕೆಲಸ ನಡೆಯುವುದು ಹೊರಗೆ! ಮೊದಲ ಸಲ ಓದಿದಾಗ ನನಗೆ ಇದು ನಂಬಲು ಕಷ್ಟವಾಗಿತ್ತು. ವೈರಸ್ ಬೆಸುಗೆಯನ್ನು ಸುಮ್ನೆ ಗರಿಷ್ಠಕ್ಕೆ ಇಟ್ಟುಕೊಂಡಿಲ್ಲ, ಬೇಕಾದಷ್ಟಕ್ಕೆ ಹಿಡಿದಿಟ್ಟುಕೊಂಡಿದೆ ಅನ್ನುವುದು ನನ್ನ ಅನಿಸಿಕೆ. ಸಮಯಕ್ಕೆ ಮೊದಲೇ ಹಾರಿದ ಎಫ್ ಮತ್ತೆ ಹೂಡಿಕೊಳ್ಳುವುದಿಲ್ಲ, ಅದು ಅಲ್ಲಿಗೇ ವ್ಯರ್ಥ.

ಇನ್ನು ಎರಡನೇ ಪ್ರಶ್ನೆ. ಬೆಸುಗೆ ಜಾಸ್ತಿಯಾದರೆ ರೋಗವೂ ಜಾಸ್ತಿ ಅನ್ನುವ ಸರಳ ಲೆಕ್ಕ ಇಲ್ಲ. ನೆದರ್ಲೆಂಡ್ಸ್‌ನಲ್ಲಿ 1999ರಲ್ಲಿ ಲಸೋಟಾಗೆ ಕಡು ತಳಿಯ ಕತ್ತರಿ ಜಾಗವನ್ನು ಕೂರಿಸಿ ನೋಡಿದರು. ಒಂದು ದಿನದ ಮರಿಗಳ ಮಿದುಳಿಗೆ ವೈರಸ್ ಕೊಟ್ಟು 0ಯಿಂದ 2ರ ತನಕ ಅಂಕ ಹಾಕುವ ಪರೀಕ್ಷೆ ಇದೆಯಲ್ಲ, ಅದರಲ್ಲಿ ಮೂಲ ಲಸೋಟಾದ ಅಂಕ 0, ಬದಲಿಸಿದ್ದರ ಅಂಕ 1.28. ಏರಿಕೆ ದೊಡ್ಡದೇ. ಆದರೂ 2ರ ಹತ್ತಿರ ಅಂಕ ಬರುವ ನಿಜವಾದ ಕಡು ತಳಿಗಳಷ್ಟು ಆಗಲಿಲ್ಲ. ಉಳಿದದ್ದು ಎಚ್‌ಎನ್‌ನಲ್ಲಿದೆ, ವೈರಸ್ ತನ್ನ ಆರ್‌ಎನ್‌ಎ ನಕಲು ಮಾಡುವ ಯಂತ್ರದಲ್ಲೂ ಇದೆ.

ನಮ್ಮಲ್ಲೇ ಇರುವ ಉದಾಹರಣೆ ಆರ್2ಬಿ ಲಸಿಕೆ. 1940ರ ದಶಕದಲ್ಲಿ ಈಗಿನ ಉತ್ತರಾಖಂಡದ ಮುಕ್ತೇಶ್ವರದಲ್ಲಿ ತಯಾರಾದದ್ದು. ಕೊಕ್ಕರೆ ರೋಗ, ಅಂದರೆ ಇದೇ ರಾಣಿಖೇತ್, ಬರಬಾರದು ಅಂತ ನಾಟಿ ಕೋಳಿಗಳಿಗೆ ಇಂಜೆಕ್ಷನ್ ಹಾಕಿಸಿದವರಿಗೆ ಈ ಹೆಸರು ಗೊತ್ತಿರುತ್ತದೆ. ಅದರ ಕತ್ತರಿ ಜಾಗ ನೋಡಿದರೆ ಕಡು ತಳಿಯದೇ ಮಾದರಿ: ಆರ್ಜಿನೀನ್, ಆರ್ಜಿನೀನ್, ಗ್ಲುಟಮಿನ್, ಲೈಸೀನ್, ಆರ್ಜಿನೀನ್, ಫಿನೈಲ್‌ಅಲನೀನ್. ಆದರೂ ಅದು ಮಧ್ಯಮ ತಳಿ. ಆರರಿಂದ ಎಂಟು ವಾರದ ಕೋಳಿಗಳು ತಡೆದುಕೊಳ್ಳುತ್ತವೆ. ಎಳೆ ಮರಿಗಳಿಗೆ ಕೊಡಬಾರದು, ಅವಕ್ಕೆ ಲಸೋಟಾ ಅಥವಾ ಎಫ್ ತಳಿಯ ಹನಿ (ಈ ಎಫ್ ಒಂದು ಲಸಿಕೆ ತಳಿಯ ಹೆಸರು, ಎಫ್ ಪ್ರೋಟೀನ್ ಅಲ್ಲ). ಕತ್ತರಿ ಜಾಗ ಒಂದನ್ನೇ ನೋಡಿ ಷರಾ ಬರೆಯುವವರಿಗೆ ನಾನು ಯಾವಾಗಲೂ ಆರ್2ಬಿ ತೋರಿಸುತ್ತೇನೆ.

ಕೊನೆಯಲ್ಲಿ ನಿಮ್ಮ ಪ್ರಯೋಗ. ಎಫ್ ಮತ್ತು ಎಚ್‌ಎನ್ ಜೀನ್‌ಗಳನ್ನು ಹೊತ್ತ ಡಿಎನ್‌ಎ ಉಂಗುರಗಳನ್ನು (ಪ್ಲಾಸ್ಮಿಡ್) ಕೋಶಕ್ಕೆ ಹಾಕಿ, ಗೀಮ್ಸಾ ಬಣ್ಣ ಕೊಟ್ಟು ನ್ಯೂಕ್ಲಿಯಸ್ ಎಣಿಸುತ್ತಿದ್ದೀರಿ, ಒಂದು ಬದಲಾವಣೆಯಲ್ಲಿ ಬೆಸುಗೆ ಸೊನ್ನೆ ಅಂತ ಬರೆದಿದ್ದೀರಿ. ಅಷ್ಟಕ್ಕೇ ಆ ಅಮೈನೋ ಆಮ್ಲ ಬೆಸುಗೆಗೆ ಅಗತ್ಯ ಅಂತ ಬರೆಯಬೇಡಿ. ಮೊದಲು ಆ ಎಫ್ ಕೋಶದ ಮೇಲ್ಮೈಗೆ ಬಂದಿದೆಯಾ ಅಂತ ಫ್ಲೋ ಸೈಟೋಮೆಟ್ರಿಯಲ್ಲಿ (ಕೋಶಗಳನ್ನು ಒಂದೊಂದಾಗಿ ಬೆಳಕಿನಲ್ಲಿ ಅಳೆಯುವ ವಿಧಾನ) ನೋಡಿ. ತಪ್ಪಾಗಿ ಮಡಚಿಕೊಂಡು ಕೋಶದ ಒಳಗೇ ಉಳಿದುಬಿಡುವ ಪ್ರೋಟೀನುಗಳು ಬಹಳ. ಮೇಲ್ಮೈಗೆ ಬಂದಿದ್ದರೆ, ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ನೋಡುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಕತ್ತರಿಸಿದ ತುಂಡು ಕಾಣುತ್ತದಾ ನೋಡಿ. ಬದಲಾವಣೆ ಎಚ್‌ಎನ್‌ನಲ್ಲಿದ್ದರೆ ಕೋಳಿಯ ಕೆಂಪು ರಕ್ತಕಣಗಳನ್ನು 4 ಡಿಗ್ರಿಯಲ್ಲಿ ಹಾಕಿ, ಅಂಟುತ್ತವಾ ನೋಡಿ. ಬೆಚ್ಚಗಿದ್ದರೆ ಎಚ್‌ಎನ್ ತಾನು ಹಿಡಿದದ್ದನ್ನು ತಾನೇ ಕತ್ತರಿಸಿ ಬಿಡುತ್ತದೆ, ಲೆಕ್ಕ ತಪ್ಪುತ್ತದೆ. ಇವೆಲ್ಲ ಸರಿ ಇದ್ದೂ ಬೆಸುಗೆ ಇಲ್ಲ ಅಂದರೆ ರಕ್ತಕಣಗಳಿಗೆ ಎರಡು ಬಣ್ಣ ತುಂಬಿ ನೋಡಬಹುದು, ಪೊರೆಗೆ ಒಂದು, ಒಳಗಿನ ದ್ರವಕ್ಕೆ ಒಂದು. ಪೊರೆಯ ಬಣ್ಣ ಮಾತ್ರ ದಾಟಿದರೆ ಬೆಸುಗೆ ಅರ್ಧಕ್ಕೆ ನಿಂತಿದೆ ಅಂತ ಅರ್ಥ. ಎರಡೂ ದಾಟದಿದ್ದರೆ ಸ್ಪ್ರಿಂಗ್ ಹಾರಿಯೇ ಇಲ್ಲ, ಅಥವಾ ಹಾರಿದರೂ ಎದುರಿನ ಪೊರೆಯನ್ನು ಮುಟ್ಟಿಲ್ಲ.

ಯಾವ ತಳಿಯ ಎಫ್, ಯಾವ ಕೋಶ, ಟ್ರಿಪ್ಸಿನ್ ಹಾಕಿದ್ದೀರಾ ಇಲ್ವಾ ಅನ್ನುವುದನ್ನು ನೀವು ಹೇಳಿಲ್ಲ. ಲಸೋಟಾ ಎಫ್ ಆಗಿದ್ದರೆ ಮಿಕ್ಕದ್ದೆಲ್ಲ ಬಿಟ್ಟು ಮೊದಲು ಟ್ರಿಪ್ಸಿನ್ ವಿಚಾರ ನೋಡಿ.